ಬಿಬಿಸಿ ಮೈಕ್ರೋಗೆ ಮೆಮೊರಿ ಕಾರ್ಡ್ ಡ್ರೈವ್: ಉಡುಪಿ ಹವೆಯಲ್ಲಿ ಬಳಸಿ ನೋಡಿದ್ದು

ಉಡುಪಿಯಲ್ಲಿ ಹಳೇ ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಇಟ್ಟುಕೊಳ್ಳುವುದೆಂದರೆ ಬೂಷ್ಟು ಸಾಕಿದ ಹಾಗೆ. ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬಿಳಿ ಹಿಡಿಯುವ ಊರು ಇದು. ಐದೂಕಾಲು ಇಂಚಿನ ಫ್ಲಾಪಿಯ ಕಿಂಡಿಯಲ್ಲಿ ಕಾಣುವ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಮಸುಕು ಚುಕ್ಕೆ ಕಂಡರೆ ಡ್ರೈವಿಗೆ ಹಾಕಲೇಬೇಡಿ. ಕರಕರ ಸದ್ದು ಬರುತ್ತದೆ, ಕೊಳೆ ಹೆಡ್ಡಿಗೆ ಮೆತ್ತುತ್ತದೆ, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಯೂ ಹಾಳು.

ನನ್ನ ಹತ್ತಿರ ಇರುವುದು ಬ್ರಿಟನ್ನಿನ ಏಕಾರ್ನ್ ಕಂಪನಿಯ 1980ರ ದಶಕದ ಕಂಪ್ಯೂಟರ್ ಬಿಬಿಸಿ ಮೈಕ್ರೋ, ಮಾಡೆಲ್ ಬಿ, 32 ಕೆಬಿ ಮೆಮೊರಿಯದ್ದು. 1984ರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ಶುರು ಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಇದೇ ಮಾಡೆಲ್. ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಶಾಲೆ ಹಳೇ ಸಾಮಾನು ಹರಾಜು ಹಾಕಿದಾಗ ಮನೆಗೆ ತಂದೆ. ಈಗ ಅದಕ್ಕೆ ಎಸ್‌ಡಿ ಕಾರ್ಡ್ ಓದುವ ಪುಟ್ಟ ಬೋರ್ಡು ತರಿಸಿದ್ದೇನೆ. ಇಂಗ್ಲೆಂಡಿನಿಂದ ಬಂತು. ಅಂಚೆ, ಕಸ್ಟಮ್ಸ್ ಎಲ್ಲ ಸೇರಿ ಸುಮಾರು ₹5,000 ಆಯಿತು.

ಡ್ರೈವಿಗಿಂತ ಮೊದಲು ಒಂದು ಮಾತು. ಈ ಮೆಷಿನ್ನಿನ ಪವರ್ ಸಪ್ಲೈಯಲ್ಲಿ ರೀಫಾ ಕಂಪನಿಯ ಹಳದಿ ಪಾರದರ್ಶಕ ಕೆಪಾಸಿಟರ್ ಎಂಬ ಬಿಡಿಭಾಗಗಳು ಇರುತ್ತವೆ. ವಯಸ್ಸಾದಂತೆ ಮೈಯೆಲ್ಲ ಬಿರುಕು ಬಿಟ್ಟು ತೇವ ಎಳೆಯುತ್ತವೆ. ಕರಾವಳಿಯಲ್ಲಿ ತೇವಕ್ಕೆ ಬರಗಾಲವಾ? ಒಂದು ದಿನ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಢಂ ಎಂದು ಮನೆ ತುಂಬಾ ಹೊಗೆ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಟಿವಿ ರಿಪೇರಿ ಮಾಡುವವರಿಗೆ ಕೊಟ್ಟೆ. “ಎಂತ ಟೀಚರ್, ಇದು ದೊಡ್ಡ ವಿಷಯ ಅಲ್ಲ, ಕೆಪಾಸಿಟರ್ ಹೋದದ್ದು ಅಷ್ಟೇ. ಬೋರ್ಡು ಸರಿ ಉಂಟು” ಎಂದು ಅವತ್ತೇ ಬದಲಾಯಿಸಿ ಕೊಟ್ಟರು. ನೀವು ಹಳೇ ಮೆಷಿನ್ ತೆಗೆದುಕೊಂಡರೆ ಈ ಕೆಲಸ ಮೊದಲು ಮಾಡಿಸಿ, ಡ್ರೈವು ಆಮೇಲೆ.

ಜೋಡಿಸುವುದು ಸುಲಭ. ಮೆಷಿನ್ನಿನ ಅಡಿಯಲ್ಲಿ ಹೊರಗಿನ ಸಾಧನ ಜೋಡಿಸುವ ‘ಯೂಸರ್ ಪೋರ್ಟ್’ ಇದೆ, ಬೋರ್ಡಿನ ಪಟ್ಟಿ ಕೇಬಲ್ ಅಲ್ಲಿಗೆ ಹೋಗುತ್ತದೆ. ಜೊತೆಗೆ, ಕಾರ್ಡನ್ನು ಡಿಸ್ಕಿನ ಹಾಗೆ ಓದಿಸುವ ಎಂಎಂಎಫ್‌ಎಸ್ ಎಂಬ ಸಾಫ್ಟ್‌ವೇರ್ ತುಂಬಿದ ರೊಮ್ ಚಿಪ್ ಕೊಡುತ್ತಾರೆ. ಅದನ್ನು ಒಳಗೆ ಕೂರಿಸಲು ‘ಫಿಕ್ಸ್’ ಎಂದು ಬರೆದಿರುವ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಬೇಕು. ಚಿಪ್ಪಿನ ತಲೆಯ ಕಚ್ಚು ಪಕ್ಕದ ಚಿಪ್ಪುಗಳ ಕಚ್ಚಿನ ದಿಕ್ಕಿಗೇ ಇರಲಿ. ಕಾಲುಗಳನ್ನು ಮೇಜಿಗೆ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಿ, ಆಮೇಲೆ ಕೂರಿಸಿ. ಇದ್ಯಾವುದಕ್ಕೂ ಒಂದು ಚೀಟಿಯಾದರೂ ಪೆಟ್ಟಿಗೆಯಲ್ಲಿ ಇರಲಿಲ್ಲ. ₹5,000 ತೆಗೆದುಕೊಂಡವರಿಗೆ ಅರ್ಧ ಹಾಳೆ ಕಾಗದ ಭಾರವೇ? ಬೋರ್ಡಿಗೆ ಕವಚವೂ ಇಲ್ಲ, ಬರಿಮೈ. ಉಪ್ಪುಗಾಳಿಯ ಊರಿಗೆ ಇದು ಆಗುವುದಿಲ್ಲ. ನಾನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಟ್ಟಿದ್ದೇನೆ.

ವೇಗದ ಬಗ್ಗೆ ದೂರು ಇಲ್ಲ. ಮೊದಲು ಪ್ರೋಗ್ರಾಮ್ ಇಟ್ಟುಕೊಳ್ಳುತ್ತಿದ್ದ ಟೇಪ್ ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 1,200 ಬಿಟ್, ಅಂದರೆ ಹೆಚ್ಚೆಂದರೆ 120 ಅಕ್ಷರ. 20 ಕೆಬಿ ಪ್ರೋಗ್ರಾಮಿಗೆ ಮೂರು ನಿಮಿಷ ಬೇಕು. ಕಾರ್ಡಿನಿಂದ ಕಣ್ಣು ಮಿಟುಕಿಸುವುದರೊಳಗೆ ಬಂತು. ಕಾರ್ಡಿನ ಒಂದೇ ಕಡತದಲ್ಲಿ 200 ಕೆಬಿಯ 511 ಡಿಸ್ಕುಗಳ ಪ್ರತಿ ಹಿಡಿಸುತ್ತದೆ. ಒಟ್ಟು 100 ಎಂಬಿ ಅಷ್ಟೇ, ಆದರೆ ಈ ಮೆಷಿನ್ನಿಗೆ ಅದು ಒಂದು ಜನ್ಮಕ್ಕೆ ಸಾಕು.

ನನಗೆ ಕಿರಿಕಿರಿ ಕೊಟ್ಟದ್ದು ಬೇರೆ. ಕ್ಯಾಸೆಟ್ ಮಾತ್ರ ಇದ್ದಾಗ ಬೇಸಿಕ್ ಭಾಷೆಯ ಪ್ರೋಗ್ರಾಮ್ ಮೆಮೊರಿಯ ಇ00 ವಿಳಾಸದಿಂದ ಶುರುವಾಗುತ್ತದೆ. ಡಿಸ್ಕ್ ವ್ಯವಸ್ಥೆ ಬಂದರೆ 1900ರಿಂದ. ಎರಡೂ ಹದಿನಾರರ ಪದ್ಧತಿಯ (ಹೆಕ್ಸ್) ಸಂಖ್ಯೆಗಳು. ಫ್ಲಾಪಿಗೂ ಇದೇ ಲೆಕ್ಕ, ಕಾರ್ಡಿಗೂ ಇದೇ. ನಡುವಿನ 2,816 ಬೈಟ್ ಡಿಸ್ಕಿನ ಪಾಲು. ಲೋಲಕದ ಆಂದೋಲನ ತೋರಿಸಲು ಮಕ್ಕಳಿಗೆಂದು ಬರೆದ ಪ್ರೋಗ್ರಾಮ್ ನನ್ನ ಕ್ಯಾಸೆಟ್ಟಿನಲ್ಲಿತ್ತು. ಬಣ್ಣದ ಚಿತ್ರದ ಮೋಡ್ 1 ತೆರೆಗೇ 20 ಕೆಬಿ ನುಂಗುತ್ತದೆ. ಉಳಿಯುವುದು 8,704 ಬೈಟ್, ಡಿಸ್ಕ್ ಬಂದ ಮೇಲೆ ಬರೀ 5,888. ಓಡಿಸಿದರೆ ಜಾಗ ಸಾಲದೆ ‘ಬ್ಯಾಡ್ ಮೋಡ್’ ಎಂದು ನಿಂತಿತು. ಟಿಪ್ಪಣಿ ಸಾಲುಗಳನ್ನೆಲ್ಲ ಅಳಿಸಿ, ಉದ್ದುದ್ದ ಹೆಸರುಗಳನ್ನು ಒಂದಕ್ಷರಕ್ಕೆ ಇಳಿಸಿದೆ. ಈಗ ಓಡುತ್ತದೆ, ಆದರೆ ಓದಲು ಆಗುವುದಿಲ್ಲ. ಮೆಷಿನ್ನಿನೊಳಗೆ ‘ಸೈಡ್‌ವೇಸ್ ರ್‍ಯಾಮ್’ ಎಂಬ ಹೆಚ್ಚುವರಿ ಮೆಮೊರಿ ಹಾಕಿಸಿಕೊಂಡವರಿಗೆ ಈ ತಾಪತ್ರಯ ಇಲ್ಲ. ಅವರಿಗೆಂದೇ ಎಂಎಂಎಫ್‌ಎಸ್‌ನ ಇನ್ನೊಂದು ಬಗೆ ಇದೆ, ಅದು ಇ00 ಜಾಗ ಬಿಟ್ಟುಕೊಡುತ್ತದೆ. ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

ಆದರೂ ಕ್ಯಾಸೆಟ್ ಅಥವಾ ಫ್ಲಾಪಿ ಹಿಡಿದುಕೊಂಡು ಕರಾವಳಿಯಲ್ಲಿ ಕೂತವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ರೊಮ್ ಚಿಪ್ ಜೊತೆಗೇ ಕೊಡುತ್ತಾರಾ ಎಂದು ಕೇಳಿ. ಇಲ್ಲವಾದರೆ ಚಿಪ್ ಬರೆಯುವ ಯಂತ್ರ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಎಲ್ಲಕ್ಕಿಂತ ಮೊದಲು ಆ 511 ಡಿಸ್ಕಿನ ಕಡತವನ್ನೇ ಹಾಕಿ. ಅದು ಕಾರ್ಡಿನಲ್ಲಿ ತುಂಡಾಗದೆ ಒಂದೇ ಸಾಲಿಗೆ ಕೂರಬೇಕು. ಅದರ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇರಲಿ.