ಡಾಟ್ಯಾಪ್ ಸಾಕಾ, ಎಂಸಿ3 ಬೇಕಾ?

ಎಂಆರ್‌ಎನ್‌ಎಯನ್ನು, ಅಂದರೆ ಯಾವ ಪ್ರೋಟೀನ್ ಮಾಡಬೇಕೆಂದು ಕೋಶಕ್ಕೆ ಹೇಳುವ ಅಣುವನ್ನು, ಕೋಶದೊಳಗೆ ಸಾಗಿಸಲು ಬಳಸುವ ಎರಡು ಲಿಪಿಡ್‌ಗಳು (ಕೊಬ್ಬಿನಂಥ ಅಣುಗಳು) ಇವು. ಮಡಿಕೇರಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ಎರಡನ್ನೂ ಬಳಸಿ ನೋಡಿದ್ದೇನೆ. ಒಂದು ಡಾಟ್ಯಾಪ್ ಲೈಪೊಸೋಮ್ (ಲಿಪಿಡ್ ಪದರದ ಪುಟ್ಟ ಗುಳ್ಳೆ), ಇನ್ನೊಂದು ಎಂಸಿ3 ಹಾಕಿದ ಲಿಪಿಡ್ ನ್ಯಾನೊಕಣ. ಎರಡರಲ್ಲೂ ತುಂಬಿದ್ದು ಹಸಿರು ಹೊಳೆಯುವ ಪ್ರೋಟೀನಿನ ಎಂಆರ್‌ಎನ್‌ಎ. ಯಾವುದು ಒಳಗೆ ಹೋಯಿತು ಅಂತ ಮೈಕ್ರೋಸ್ಕೋಪೇ ಹೇಳುತ್ತದೆ.

ಡಾಟ್ಯಾಪ್ ಅಗ್ಗ, ಸಲೀಸು. ಡಿಒಪಿಇ ಎಂಬ ಸಹಾಯಕ ಲಿಪಿಡ್ ಜೊತೆ ಸಮ ಸೇರಿಸಿ, ಫ್ಲಾಸ್ಕಿನಲ್ಲಿ ತೆಳು ಪದರ ಮಾಡಿ, ನೀರು ಹಾಕಿ ಅಲುಗಿಸಿ, 100 ನ್ಯಾನೊಮೀಟರ್ ಫಿಲ್ಟರಿನಲ್ಲಿ ತೂರಿಸಿದರೆ ಮುಗಿಯಿತು. ಎಂಆರ್‌ಎನ್‌ಎ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ತೊಂದರೆ ಏನೆಂದರೆ ಡಾಟ್ಯಾಪ್‌ಗೆ ಯಾವಾಗಲೂ ಪಾಸಿಟಿವ್ ಚಾರ್ಜ್. ಸೀರಮ್ (ರಕ್ತದ ತಿಳಿ ದ್ರವ) ಇದ್ದರೆ ಮಳೆಗಾಲದ ತೋಟದ ಜಿಗಣೆ ಹಾಗೆ ಸಿಕ್ಕಿದ ಪ್ರೋಟೀನಿಗೆಲ್ಲ ಕಚ್ಚಿಕೊಳ್ಳುತ್ತದೆ, ಹಸಿರು ಮಂಕಾಗುತ್ತದೆ. ಸರಿ ಅಂತ ಡೋಸ್ ಜಾಸ್ತಿ ಮಾಡಿದರೆ ಮರುದಿನ ಕೋಶಗಳು ಉಂಡೆಯಾಗಿ ತಳ ಬಿಟ್ಟು ತೇಲುತ್ತಿರುತ್ತವೆ.

ಎಂಸಿ3 ಹಾಗಲ್ಲ. ಅದರ ಪಿಕೆಎ, ಅಂದರೆ ಅರ್ಧದಷ್ಟು ಚಾರ್ಜ್ ಪಡೆಯುವ ಪಿಎಚ್, ಸುಮಾರು 6.4. ಪಿಎಚ್ 4ರ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಚಾರ್ಜ್ ಪಡೆದು ಎಂಆರ್‌ಎನ್‌ಎ ಹಿಡಿದುಕೊಳ್ಳುತ್ತದೆ, 7.4ಕ್ಕೆ ತಂದರೆ ತೆಪ್ಪಗಾಗುತ್ತದೆ, ಕೋಶದೊಳಗಿನ ಪುಟ್ಟ ಚೀಲವಾದ ಎಂಡೋಸೋಮಿನ ಹುಳಿಗೆ ಸಿಕ್ಕಾಗ ಮತ್ತೆ ಚಾರ್ಜ್ ಆಗಿ ಪೊರೆ ಒಡೆಯುತ್ತದೆ. ಸೀರಮಿಗೂ ಹೆದರುವುದಿಲ್ಲ, ಅದರಲ್ಲಿರುವ ಅಪೊಇ ಎಂಬ ಪ್ರೋಟೀನ್ ಅಂಟಿಕೊಂಡರೆ ಲಿವರ್ ಕೋಶಗಳು ಇನ್ನೂ ಬೇಗ ಒಳಗೆಳೆದುಕೊಳ್ಳುತ್ತವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಪ್ಯಾಟಿಸಿರಾನ್ ಔಷಧಿಯಲ್ಲಿರುವುದು ಇದೇ ಲಿಪಿಡ್. ನಾನು ಹಾಕುವುದೂ ಅದೇ ಅಳತೆ: ನೂರು ಮೋಲಿಗೆ ಎಂಸಿ3 50, ಡಿಎಸ್‌ಪಿಸಿ ಎಂಬ ಲಿಪಿಡ್ 10, ಕೊಲೆಸ್ಟರಾಲ್ 38.5, ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಕಟ್ಟಿದ ಲಿಪಿಡ್ 1.5. ಪೆಗ್ ಹೆಚ್ಚಿಸಿದರೆ ಕಣ ಸಣ್ಣದಾಗುತ್ತದೆ, ಆದರೆ ಕೋಶ ಅದನ್ನು ಅಷ್ಟು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ.

ಆದರೆ ಇದು ಸ್ವಲ್ಪ ನಾಜೂಕಿನ ಸಾಮಾನು. ಕಕ್ಕಡದ (ಜುಲೈ-ಆಗಸ್ಟ್ ಮಳೆಗಾಲದ) ಚಳಿಯಲ್ಲಿ ಎಥನಾಲ್‌ನಲ್ಲಿ ಕರಗಿಸಿಟ್ಟ ಡಿಎಸ್‌ಪಿಸಿ ಬಿಳಿ ಹರಳಾಗಿ ತಳಕ್ಕೆ ಕೂರುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಪೂರ್ತಿ ತಿಳಿಯಾಗುವವರೆಗೆ ಕಾಯಲೇಬೇಕು, ಇಲ್ಲದಿದ್ದರೆ ಮೇಲೆ ಬರೆದ ಅಳತೆಯೆಲ್ಲ ಸುಮ್ನೆ. ಆಮೇಲೆ ಲಿಪಿಡ್‌ಗಳಿರುವ ಎಥನಾಲ್ 1 ಪಾಲಿಗೆ ಎಂಆರ್‌ಎನ್‌ಎ ಇರುವ ಬಫರ್ 3 ಪಾಲು, ಅದೂ ಒಂದೇ ಏಟಿಗೆ ಬೆರೆಯಬೇಕು. ಕೈಯಲ್ಲಿ ಪಿಪೆಟ್ ಹಿಡಿದರೆ ಕಣದ ಗಾತ್ರ ಒಂದೊಂದು ಸಲ ಒಂದೊಂದು. ಕೂದಲೆಳೆಯಂಥ ಕಾಲುವೆಗಳಲ್ಲಿ ಬೆರೆಸುವ ಮೈಕ್ರೋಫ್ಲೂಯಿಡಿಕ್ ಚಿಪ್ ಇದ್ದರೆ ಆ ತಲೆನೋವಿಲ್ಲ. ಚೆನ್ನಾಗಿ ಬಂದಾಗ ಬೆಳಕಿಗೆ ಹಿಡಿದರೆ ತೆಳು ನೀಲಿ ಹೊಳಪು ಕಾಣುತ್ತದೆ. ಬೆಳ್ಳಗೆ ಮಬ್ಬಾಗಿದ್ದರೆ ಗಾತ್ರ ಅಳೆಯುತ್ತಾ ಕೂರಬೇಡಿ, ಚೆಲ್ಲಿಬಿಡಿ.

ಎಂಸಿ3 ಬೆಲೆ ಅಂತೂ ಕೇಳಬೇಡಿ, ನಾಲ್ಕು ಮಿಲಿಗ್ರಾಂಗೇ ಕೈ ನಡುಗುತ್ತದೆ. ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು, ಸೀರಮ್ ಇಲ್ಲದೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಕೆಲಸಕ್ಕೆ ಡಾಟ್ಯಾಪ್ ಧಾರಾಳ ಸಾಕು. ಮುಂದೆ ಇಲಿಗೆ ಕೊಡುವ ಯೋಚನೆ ಇದ್ದರೆ ಮಾತ್ರ ಮೊದಲಿನಿಂದಲೇ ಎಂಸಿ3 ಹಿಡಿಯಿರಿ, ಡಾಟ್ಯಾಪ್‌ನಲ್ಲಿ ಬಂದ ಫಲಿತಾಂಶ ಅಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ.