ಸ್ಟ್ರೀಟ್ ಫೈಟರ್ 6: ಬೆರಳು ಪಳಗಿದ ಮೇಲೆ ಶುರುವಾಗುವ ಆಟ

2023ರ ಜೂನ್‌ನಲ್ಲಿ ಬಂದ ಈ ಹೊಡೆದಾಟದ ವಿಡಿಯೊ ಆಟವನ್ನು ಆ ವರ್ಷದಿಂದಲೂ ಕಂಪ್ಯೂಟರಿನಲ್ಲಿ ಆಡುತ್ತಿದ್ದೇನೆ. ದಾವಣಗೆರೆಯ ಗೆಳೆಯರು, ಅದರಲ್ಲೂ ವಿದ್ಯಾನಗರದ ಕಡೆಯ ಎಂಜಿನಿಯರಿಂಗ್ ಹುಡುಗರು, ಕೊಳ್ಳುವ ಮೊದಲು ಕೇಳುವುದು ಒಂದೇ: ಅಷ್ಟು ಕಷ್ಟವೇ? ಕಷ್ಟ ಹೌದು. ಆದರೆ ಎಲ್ಲರೂ ಹೆದರುವ ಜಾಗದಲ್ಲಿ ಅಲ್ಲ.

ಹೆದರಿಕೆ ಇರುವುದು ಬಟನ್‌ಗಳ ಬಗ್ಗೆ. ಹಳೆಯ ಕ್ರಮವಾದ ಕ್ಲಾಸಿಕ್‌ನಲ್ಲಿ ಗುದ್ದಿಗೆ ಮೂರು, ಒದೆತಕ್ಕೆ ಮೂರು ಬಟನ್. ಶೋರ್ಯುಕೆನ್ ಎಂಬ, ಮೇಲಕ್ಕೆ ಜಿಗಿದು ಗುದ್ದುವ ಪೆಟ್ಟು ಹೊಡೆಯಲು ಮೊದಲು ಮುಂದೆ, ಬಳಿಕ ಕೆಳಗೆ, ಆಮೇಲೆ ಓರೆಯಾಗಿ ಒತ್ತಿ ಗುದ್ದಬೇಕು. ಈ ಸರಣಿಯ 1987ರ ಮೊದಲ ಆಟದಿಂದ ಬಂದ ಈ ಚಲನೆಯನ್ನು ಸುಮ್ಮನೆ ಕಾಡಿಸಲು ಇಟ್ಟಿಲ್ಲ. ಇಲ್ಲಿ ಪೆಟ್ಟು ತಡೆಯಬೇಕಾದರೆ ಹಿಂದಕ್ಕೆ ಒತ್ತಿರಬೇಕು. ಶೋರ್ಯುಕೆನ್ ಮುಂದಕ್ಕೆ ಒತ್ತುವುದರಿಂದ ಆರಂಭವಾಗುತ್ತದೆ. ಹಾರಿ ಬರುವವನನ್ನು ಕೆಡವಬೇಕೆಂದರೆ ಒಂದು ಕ್ಷಣ ರಕ್ಷಣೆಯನ್ನು ಕೈಬಿಡಲೇಬೇಕು. ಆ ಹೊಡೆತಕ್ಕೆ ಕಟ್ಟಿದ ಬೆಲೆಯೇ ಆ ಚಲನೆ.

ಮಾಡರ್ನ್ ಎಂಬ ಹೊಸ ಕ್ರಮದಲ್ಲಿ ಒಂದು ದಿಕ್ಕು, ಒಂದು ಬಟನ್, ಅಷ್ಟೇ ಸಾಕು. ಬದಲಿಗೆ ಹಾಗೆ ಬಿಟ್ಟ ವಿಶೇಷ ಪೆಟ್ಟಿನ ಬಲ ಶೇ 20ರಷ್ಟು ಕಡಿಮೆ, ಕೆಲವು ಸಾಮಾನ್ಯ ಹೊಡೆತಗಳೂ ಸಿಗುವುದಿಲ್ಲ. ಇದನ್ನು ಮೋಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಚಿಕ್ಕಪ್ಪನ ಮಗಳು ಮಾಡರ್ನ್‌ನಲ್ಲೇ ಆಡುತ್ತಾಳೆ. ದೂರ ಅಳೆಯುವುದು, ಎದುರಾಳಿಯ ಅವಸರಕ್ಕೆ ಕಾಯುವುದು ಅವಳಿಗೆ ಬಹಳ ಬೇಗ ಒಲಿಯಿತು. ಕ್ಲಾಸಿಕ್ ಹಿಡಿದವರಲ್ಲಿ ಎಷ್ಟೋ ಜನ ಅಲ್ಲಿಗೆ ತಲುಪುವ ಮೊದಲೇ ಬೇಸತ್ತು ಬಿಟ್ಟುಹೋಗುತ್ತಾರೆ.

ನಿಜವಾದ ಕಷ್ಟ ಅಲ್ಲಿಂದಾಚೆ ಇದೆ. ಹೊಡೆತವನ್ನು ತಡೆಯಬಹುದು, ತಡೆಯುತ್ತ ನಿಂತವನನ್ನು ಹಿಡಿದು ಎಸೆಯಬಹುದು, ಹಿಡಿಯಲು ಬಂದವನಿಗೆ ಮೊದಲೇ ಹೊಡೆಯಬಹುದು. ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರ. ರ್ಯೂ ಎಂಬ ಕಾದಾಳು ಬೀಸುವ ಲಘು ಗುದ್ದು 4ನೇ ಫ್ರೇಮಿಗೇ ತಾಗುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರಿಸಲು ಸುಮಾರು 15 ಫ್ರೇಮ್ ಬೇಕು, ಹಾಗಾಗಿ ಅದನ್ನು ನೋಡಿ ತಡೆಯಲು ಯಾರಿಂದಲೂ ಆಗದು; ಊಹಿಸಬೇಕು. ಆದರೆ ಎರಡು ಪೆಟ್ಟು ನುಂಗಿಕೊಂಡು ನುಗ್ಗುವ ಡ್ರೈವ್ ಇಂಪ್ಯಾಕ್ಟ್ ಎಂಬ ಹೊಡೆತಕ್ಕೆ 26 ಫ್ರೇಮ್ ಇಟ್ಟಿದ್ದಾರೆ. ಗಮನವಿದ್ದವನು ಅದನ್ನು ಕಂಡು, ಅದರಿಂದಲೇ ತಿರುಗಿ ಹೊಡೆಯಬಲ್ಲ. ಯಾವುದನ್ನು ಕಣ್ಣಿಗೆ ಬಿಡಬೇಕು, ಯಾವುದನ್ನು ಊಹೆಗೆ ಬಿಡಬೇಕು ಎಂದು ಇಷ್ಟು ಅಳೆದು ಹಂಚಿದ್ದಾರಲ್ಲ, ನನಗೆ ಈ ಆಟದ ಮೇಲೆ ಗೌರವ ಮೂಡಿದ್ದು ಅದಕ್ಕೆ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ಇದು ಹೊಸದಲ್ಲ: ಪೈಲ್ವಾನರು ಪಟ್ಟು ಹಾಕುವುದಕ್ಕಿಂತ ಹೆಚ್ಚು ಹೊತ್ತು ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಎಂದು ತಡಕುತ್ತಿರುತ್ತಾರೆ.

ತರಬೇತಿ ವಿಭಾಗದ ಫ್ರೇಮ್ ಮೀಟರ್ ಅನ್ನು ಎಷ್ಟು ಹೊಗಳಿದರೂ ಕಡಿಮೆ. ಯಾರ ಹೊಡೆತ ಎಷ್ಟು ಬೇಗ ಬಂತು, ತಪ್ಪಿದ ಮೇಲೆ ಎಷ್ಟು ಹೊತ್ತು ಬಯಲಾಗಿ ನಿಂತರು ಎಂಬುದು ಬಣ್ಣದ ಪಟ್ಟಿಯಾಗಿ ಪರದೆಯಲ್ಲೇ ಕಾಣುತ್ತದೆ. ಆಟ ಕಷ್ಟವಾಗಿರಲಿ, ಆದರೆ ಸೋಲಿನ ಕಾರಣವನ್ನು ಬಚ್ಚಿಡಬಾರದು.

ಒಬ್ಬರೇ ಕಥೆಯಂತೆ ಆಡುವ ವರ್ಲ್ಡ್ ಟೂರ್ ವಿಭಾಗ ಮಾತ್ರ ನನಗೆ ಸಮಾಧಾನ ಕೊಟ್ಟಿಲ್ಲ. ಅಲ್ಲಿ ಪಾತ್ರದ ಲೆವೆಲ್ ಏರಿದಂತೆ ಗೆಲುವು ಸುಲಭವಾಗುತ್ತದೆ. ಮನುಷ್ಯರ ಎದುರು ನಿಂತಾಗ ಆ ಬಲ ಜೊತೆಗೆ ಬರುವುದಿಲ್ಲ. ಗಂಟೆಗಟ್ಟಲೆ ಆಡಿ ಬಂದವರು ಮೊದಲ ಆನ್‌ಲೈನ್ ಪಂದ್ಯದಲ್ಲೇ ಕಂಗಾಲಾಗುವುದನ್ನು ಕಂಡಿದ್ದೇನೆ. ಹೊಸ ಕಾದಾಳುಗಳಿಗೆ ಪ್ರತ್ಯೇಕ ದುಡ್ಡು ತೆರಬೇಕಾಗುತ್ತದೆ, ಅದೂ ಲೆಕ್ಕದಲ್ಲಿರಲಿ.

ಆನ್‌ಲೈನ್ ವ್ಯವಸ್ಥೆ ಚೆನ್ನಾಗಿದೆ. ಎದುರಾಳಿಯ ಬಟನ್ ಸುದ್ದಿ ತಲುಪುವ ಮುನ್ನವೇ ಅಂದಾಜಿಸಿ ಆಟ ಮುಂದೆ ಸಾಗುತ್ತದೆ, ಅಂದಾಜು ತಪ್ಪಿದರೆ ತಟ್ಟನೆ ತಿದ್ದಿಕೊಳ್ಳುತ್ತದೆ. ದಾವಣಗೆರೆಯಿಂದ ಬೆಂಗಳೂರಿನವರೊಡನೆ ಆಡುವಾಗ ತಡವಾದಂತೆ ಅನ್ನಿಸುವುದೇ ಇಲ್ಲ. ವೈ-ಫೈ ಬಿಟ್ಟು ಕೇಬಲ್ ಹಾಕಿಕೊಳ್ಳಿ.

ಒಬ್ಬರೇ ಕೂತು ಕಥೆ ಮುಗಿಸುವವರಿಗೆ ಇದನ್ನು ಕೊಳ್ಳಿ ಎಂದು ಹೇಳಲಾರೆ. ಸಮಬಲದ ಗೆಳೆಯನೊಬ್ಬ ಇದ್ದರೆ ಇಬ್ಬರೂ ಕೊಳ್ಳಿ. ಉಚಿತ ಡೆಮೊ ಇದೆ, ಮೊದಲು ಅದರಲ್ಲಿ ಎರಡೂ ಕ್ರಮಗಳನ್ನು ಆಡಿ ನೋಡಿ.