ವೆಬ್‌ಗೇಜರ್: ಸಾಮಾನ್ಯ ಕ್ಯಾಮೆರಾದಿಂದ ನೋಟ ಗುರುತಿಸುವ ತಂತ್ರಾಂಶ

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವೆಬ್‌ಗೇಜರ್ ಎಂಬ ಮುಕ್ತ ತಂತ್ರಾಂಶವನ್ನು ಒಂದೇ ಪ್ರಶ್ನೆ ಮುಂದಿಟ್ಟುಕೊಂಡು ಪರಿಶೀಲಿಸಿದ್ದೇನೆ: ಮಾತೂ ಕೈಗಳೂ ಸೋತವರು ಇದರ ನೆರವಿನಿಂದ ಕನ್ನಡದಲ್ಲಿ ಬರೆಯಬಲ್ಲರೇ? ಇದಕ್ಕೆ ಬೇಕಾದದ್ದು ವೆಬ್‌ಕ್ಯಾಮ್ ಇರುವ ಲ್ಯಾಪ್‌ಟಾಪ್ ಮತ್ತು ಬ್ರೌಸರ್ ಮಾತ್ರ. ಲೆಕ್ಕಾಚಾರವೆಲ್ಲ ಬ್ರೌಸರಿನೊಳಗೇ ನಡೆಯುವುದರಿಂದ ಮುಖದ ವಿಡಿಯೊವನ್ನು ಯಾವ ಸರ್ವರ್‌ಗೂ ಕಳಿಸಬೇಕಿಲ್ಲ. ರೋಗಿಯ ಕೋಣೆಯಲ್ಲಿ ಬಳಸುವ ಸಾಧನಕ್ಕೆ ಇದು ಸಣ್ಣ ಗುಣವಲ್ಲ.

ತಂತ್ರಾಂಶವು ಮೊದಲು ಮುಖವನ್ನು, ಅದರಲ್ಲಿ ಕಣ್ಣುಗಳನ್ನು ಗುರುತಿಸಿ, ಪ್ರತಿ ಕಣ್ಣಿನ ಚಿತ್ರವನ್ನು 10×6 ಚುಕ್ಕೆಗಳಿಗೆ ಇಳಿಸಿ, ಹೀಗೆ ದೊರೆತ 120 ಅಂಕಿಗಳಿಂದ ನೋಟ ಪರದೆಯ ಎಲ್ಲಿ ಬಿದ್ದಿದೆ ಎಂಬುದನ್ನು ರಿಜ್ ರಿಗ್ರೆಷನ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನದಲ್ಲಿ ಅಂದಾಜಿಸುತ್ತದೆ. ಕ್ಲಿಕ್ ಮಾಡುವ ಜಾಗವನ್ನೇ ಆ ಕ್ಷಣದಲ್ಲಿ ನೋಡುತ್ತಿರುತ್ತೇವೆ ಎಂಬ ಊಹೆಯ ಮೇಲೆ ಅದು ಪ್ರತಿ ಕ್ಲಿಕ್ಕಿನಿಂದಲೂ ಕಲಿಯುತ್ತದೆ. ಕೈಯಾಡದವರಿಗೆ ಈ ಕ್ರಮ ಒದಗುವುದಿಲ್ಲ. ಮೌಸ್‌ನಿಂದ ಕಲಿಯುವುದನ್ನು ನಿಲ್ಲಿಸಿ, ಪರದೆಯ ಮೂಲೆ, ಅಂಚು, ನಡುವಿನಲ್ಲಿ ಒಂದೊಂದಾಗಿ ಚುಕ್ಕೆ ತೋರಿಸುತ್ತ ಅವುಗಳ ಸ್ಥಾನವನ್ನು ಪ್ರೋಗ್ರಾಂ ಮೂಲಕವೇ ದಾಖಲಿಸಬೇಕು. ಅದಕ್ಕೆ ಬೇಕಾದ ಅನುಕೂಲ ತಂತ್ರಾಂಶದಲ್ಲೇ ಇದೆ.

ನಿಖರತೆಯಲ್ಲಿ ಇದು ದುಬಾರಿ ಯಂತ್ರಗಳಿಗೆ ಸಮನಲ್ಲ. ಇನ್‌ಫ್ರಾರೆಡ್ ಬೆಳಕು ಬೀರಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲಿನ ಹೊಳಪಿಗೂ ಪಾಪೆಯ ನಡುವಿಗೂ ಇರುವ ಅಂತರವನ್ನು ಅಳೆಯುವ ಯಂತ್ರಗಳಲ್ಲಿ ತಪ್ಪು 1 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಇಲ್ಲಿ ಅದು ಸುಮಾರು 4 ಡಿಗ್ರಿ. 60 ಸೆಂ.ಮೀ. ದೂರದಲ್ಲಿ ಕುಳಿತವರಿಗೆ ಅಷ್ಟೆಂದರೆ ಪರದೆಯ ಮೇಲೆ 4 ಸೆಂ.ಮೀ.ಗೂ ತುಸು ಹೆಚ್ಚು. ಹೀಗಾಗಿ 15.6 ಇಂಚಿನ ಪರದೆಯಲ್ಲಿ ಎಂಟಕ್ಕಿಂತ ಹೆಚ್ಚು ಚೌಕಗಳನ್ನಿಡುವುದು ವ್ಯರ್ಥ.

ಈ ಇಕ್ಕಟ್ಟಿನಲ್ಲಿ ನಮ್ಮ ವರ್ಣಮಾಲೆಯ ಕ್ರಮವೇ ಕೈಹಿಡಿಯುತ್ತದೆ. ಮೊದಲ ಪರದೆಯಲ್ಲಿ ಸ್ವರಗಳು, ಐದು ವರ್ಗಗಳು, ಅವರ್ಗೀಯ ವ್ಯಂಜನಗಳು, ‘ಅಳಿಸು’ ಎಂಬ ಎಂಟು ಚೌಕಗಳನ್ನಿಟ್ಟು, ತ ವರ್ಗದ ಮೇಲೆ ಒಂದು ಸೆಕೆಂಡಿನಷ್ಟು ನೋಟ ನಿಂತೊಡನೆ ತ, ಥ, ದ, ಧ, ನ ತೆರೆದುಕೊಳ್ಳುವಂತೆ ಮಾಡಿದರೆ, ಎರಡೇ ನೋಟಗಳಲ್ಲಿ ವರ್ಗೀಯ ವ್ಯಂಜನ ಸಿಗುತ್ತದೆ. ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಮತ್ತಷ್ಟು ಪರದೆಗಳು ಬೇಕಾಗುವುದರಿಂದ ಬರವಣಿಗೆ ನಿಧಾನವೇ ಸರಿ.

ಬೆನ್ನ ಹಿಂದಿನ ಕಿಟಕಿಯ ಬೆಳಕು ಮತ್ತು ಕನ್ನಡಕದ ಗಾಜಿನ ಹೊಳಪು ಫಲಿತಾಂಶವನ್ನು ಕೆಡಿಸುತ್ತವೆ. ತಲೆ ಪಕ್ಕಕ್ಕೆ ವಾಲಿದರಂತೂ ಚುಕ್ಕೆ ತೋರಿಸಿ ಮಾಡಿದ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಯಂತ್ರ ಕಟ್ಟುವ ಕೈಚಳಕ ಇರುವವರಿಗೆ ಬೇರೆ ದಾರಿಯೂ ಉಂಟು: ಎಎಲ್‌ಎಸ್ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ನರರೋಗದಿಂದ ಚಲನೆ ಕಳೆದುಕೊಂಡಿದ್ದ ಲಾಸ್ ಏಂಜಲೀಸ್‌ನ ಗೋಡೆಚಿತ್ರ ಕಲಾವಿದ ಟೋನಿ ಕ್ವಾನ್ ಅವರಿಗಾಗಿ 2009ರಲ್ಲಿ ರೂಪುಗೊಂಡ ಐರೈಟರ್ ಎಂಬ ನೋಟ ಗುರುತಿಸುವ ಸಾಧನದಲ್ಲಿ, ಪ್ಲೇಸ್ಟೇಷನ್‌ನ ಅಗ್ಗದ ಕ್ಯಾಮೆರಾವನ್ನು ಕನ್ನಡಕದ ಚೌಕಟ್ಟಿಗೇ ಜೋಡಿಸಲಾಗಿತ್ತು.

ರೋಗಿಯೊಬ್ಬರ ಏಕೈಕ ಸಂವಹನ ಸಾಧನವಾಗಿ ವೆಬ್‌ಗೇಜರನ್ನು ನಾನು ಶಿಫಾರಸು ಮಾಡಲಾರೆ. ದುಬಾರಿ ಯಂತ್ರ ಕೊಳ್ಳುವ ಮುನ್ನ ನೋಟದ ಮೂಲಕ ಸಂವಹನ ಸಾಧ್ಯವೇ ಎಂದು ತಿಳಿಯಬಯಸುವ ಕುಟುಂಬಕ್ಕೆ ಮಾತ್ರ ಇದು ನಿಜಕ್ಕೂ ಉಪಯುಕ್ತ. ಅಂಥವರು ಅಕ್ಷರಗಳಿಂದಲ್ಲ, ‘ನೀರು’, ‘ನೋವು’, ‘ಮಗ್ಗುಲು ಬದಲಿಸಿ’, ‘ಸಾಕು’ ಎಂಬ ನಾಲ್ಕು ದೊಡ್ಡ ಚೌಕಗಳಿಂದ ಆರಂಭಿಸುವುದು ಒಳಿತು.